ಉಜ್ಜನಪ್ಪನ ಬುಧವಾರಗಳು

ಮಾಚೇನಹಳ್ಳಿಯ ಆ ಸಣ್ಣ ಫೌಂಡ್ರಿಯಲ್ಲಿ ಕರಗಿದ ಕಬ್ಬಿಣವನ್ನು ಕುಲುಮೆಯಿಂದ ಅಚ್ಚಿನ ತನಕ ಹೊತ್ತು ತರುವುದು ಇಬ್ಬರು ಸೇರಿ ಮಾಡುವ ಕೆಲಸ. ಲೇಡಲ್ ಅಂದರೆ ದಪ್ಪ ಗೋಡೆಯ ಒಂದು ಬಕೆಟ್ಟು. ಅದನ್ನು ಕೂರಿಸಿದ ಉದ್ದನೆಯ ಸರಳಿಗೆ ಮುಂದೊಬ್ಬ, ಹಿಂದೊಬ್ಬ ಕೈ ಕೊಡಬೇಕು. ಮುಂದಿನವನ ಎಡಗಾಲು ಬಿದ್ದಾಗ ಹಿಂದಿನವನದೂ ಎಡಗಾಲೇ ಬೀಳಬೇಕು. ಮಧ್ಯೆ ತಿರುಗಿ ನೋಡುವ ಹಾಗಿಲ್ಲ, ಹರಟುವ ಹಾಗಂತೂ ಇಲ್ಲವೇ ಇಲ್ಲ. ಹಿಂದಿನವನಿಗೆ ಸುಸ್ತಾಯಿತೋ, ಸೀನು ಬಂತೋ, ಮನೆಯಲ್ಲಿ ಜಗಳವಾಡಿಕೊಂಡು ಬಂದಿದ್ದಾನೋ, ಎಲ್ಲವೂ ಆ ಸರಳಿನ ಮೂಲಕವೇ ಮುಂದಿನವನ ಅಂಗೈಗೆ ಬಂದು ಮುಟ್ಟುತ್ತದೆ.

ಹತ್ತೊಂಬತ್ತು ವರ್ಷದಿಂದ ಮುಂದಿನ ತುದಿ ಹಾಲೇಶನದು, ಹಿಂದಿನ ತುದಿ ಉಜ್ಜನಪ್ಪನದು. ಬೈಕಿನಲ್ಲೂ ಹಾಗೆಯೇ. ಇಬ್ಬರ ಮನೆಯೂ ಭದ್ರಾವತಿಯ ಜನ್ನಾಪುರದಲ್ಲಿ, ನಡುವೆ ಎರಡು ಬೀದಿ. ಉಜ್ಜನಪ್ಪ ಗಾಡಿ ಕಲಿಯಲೇ ಇಲ್ಲ, ಹಾಲೇಶ ಕಲಿಸಲೂ ಇಲ್ಲ. ಹಿಂದೆ ಕೂತವನು ಎಡ ಹೆಗಲಿಗೆ ಎರಡು ಬೆರಳಲ್ಲಿ ತಟ್ಟಿದರೆ ನಿಲ್ಲಿಸು ಅಂತ ಅರ್ಥ. ಟೀ ಕುಡಿಯಲಿಕ್ಕೋ, ಬೀಡಿ ಹಚ್ಚಲಿಕ್ಕೋ, ದಾರಿಯಲ್ಲಿ ಗುರುತಿನವರು ಸಿಕ್ಕರೋ, ಅದನ್ನು ಬಾಯಿ ಬಿಟ್ಟು ಹೇಳಬೇಕಾಗಿಯೇ ಇರಲಿಲ್ಲ. ಹಾಲೇಶನಿಗೆ ಇದೊಂದು ಹೆಮ್ಮೆ. ಊರಲ್ಲಿ ಯಾರಾದರೂ ಗೆಳೆತನದ ಮಾತು ತೆಗೆದರೆ, ‘ನಮ್ಮದು ಬಿಡಿ, ಅವನ ಹೊಟ್ಟೆ ಹಸಿದ್ರೆ ನನಗೆ ಆಕಳಿಕೆ ಬರ್ತದೆ’ ಅನ್ನುತ್ತಿದ್ದ.

ಅಂಥ ಹಾಲೇಶನಿಗೆ ಈ ಮಳೆಗಾಲದಲ್ಲಿ ಹೊಟ್ಟೆಯೊಳಗೆ ಬೇರೆಯದೇ ಬೆಂಕಿ ಬಿತ್ತು.

ಆದದ್ದಿಷ್ಟು. ಹೋದ ವರ್ಷ ಶ್ರಾವಣದಲ್ಲಿ ಸೂಪರ್‌ವೈಸರ್ ವಿಶ್ವಾರಾಧ್ಯರ ಮನೆಯಲ್ಲಿ ಮೊಮ್ಮಗಳ ನಾಮಕರಣ. ಯಾರೋ ಹೆಂಗಸರು ಕೂಸನ್ನು ತಂದು ಉಜ್ಜನಪ್ಪನ ಕೈಗೆ ಕೊಟ್ಟರು. ಅವನು ಒಂದು ಗಳಿಗೆ ಹಿಡಿದುಕೊಂಡು, ಪಕ್ಕದವರ ಕೈಗೆ ದಾಟಿಸಿ, ಎಲೆ ಹಾಕುವ ಹೊತ್ತಿಗೆ ಎದ್ದು ಹೋದ. ಅದರ ಮರುದಿನದಿಂದ ಲೇಡಲ್ಲಿನ ಸರಳಿನಲ್ಲಿ ಒಂದು ನಡುಕ ಶುರುವಾಯಿತು. ದಾರ ಎಳೆದು ಬಿಟ್ಟ ಹಾಗೆ, ಸಣ್ಣಗೆ. ಬೇರೆ ಯಾರ ಕಣ್ಣಿಗೂ ಬೀಳುವಂಥದ್ದಲ್ಲ. ಹಾಲೇಶ ಯಾರಿಗೂ ಹೇಳದೆ ತನ್ನ ಕೈಯನ್ನು ನಾಲ್ಕು ಬೆರಳಿನಷ್ಟು ಹಿಂದಕ್ಕೆ ಸರಿಸಿ ಭಾರವನ್ನು ತನ್ನ ಕಡೆಗೆ ಎಳೆದುಕೊಂಡ. ಉಜ್ಜನಪ್ಪ ಡಾಕ್ಟರ ಹತ್ತಿರ ಹೋದ. ಬಿಪಿ, ಶುಗರು, ಥೈರಾಯ್ಡು ಎಲ್ಲ ಸರಿಯಿತ್ತು. ಹಾಲೇಶ ಹತ್ತು ತಿಂಗಳು ಆ ಭಾರ ಹೊತ್ತ. ಅದನ್ನು ಹೊರುವುದರಲ್ಲಿ ಅವನಿಗೊಂದು ಸುಖವೂ ಇತ್ತು.

ಆಮೇಲೆ ಉಜ್ಜನಪ್ಪ ಬುಧವಾರ ಬುಧವಾರ ಒಬ್ಬನೇ ಶಿವಮೊಗ್ಗದ ಬಸ್ಸು ಹತ್ತತೊಡಗಿದ. ಬುಧವಾರ ಫೌಂಡ್ರಿಗೆ ವಾರದ ರಜೆ. ಕೇಳಿದರೆ, ‘ಹಲ್ಲು ತೋರ್ಸೋಕೆ ಮಾರಾಯ’ ಅಂದ. ‘ಬಾ, ನಾನೇ ಬಿಡ್ತೀನಿ’ ಅಂದರೆ, ‘ಬೇಡ ಬೇಡ, ನೀನು ಮಲ್ಕೋ’ ಅಂದ. ಆರನೇ ವಾರಕ್ಕೆ ಸರಳಿನ ನಡುಕ ನಿಂತುಹೋಯಿತು.

ಗೆಳೆಯನ ಕೈ ಸರಿಹೋದರೆ ಸಂತೋಷವಾಗಬೇಕು. ಹಾಲೇಶ ಸರಿಸಿಕೊಂಡಿದ್ದ ನಾಲ್ಕು ಬೆರಳನ್ನು ಮತ್ತೆ ಮುಂದಕ್ಕೆ ತಂದಾಗ ಅವನಿಗಾದದ್ದು ಸಂತೋಷವಲ್ಲ. ಯಾವನೋ ಬಂದು ತನ್ನ ಕೈಯಿಂದ ಕೆಲಸ ಕಿತ್ತುಕೊಂಡ ಹಾಗಾಯಿತು.

‘ಆರು ವಾರ ರಿಪೇರಿ ಮಾಡೋಕೆ ಅವನ ಬಾಯಲ್ಲಿ ಎಷ್ಟು ಹಲ್ಲಿದೆ?’ ಅಂತ ಹೆಂಡತಿ ಪ್ರಿಯದರ್ಶಿನಿಯ ಮುಂದೆ ಗೊಣಗಿದ.

ಅವಳು ಅಲಸಂದೆಕಾಯಿ ಸುಲಿಯುತ್ತಿದ್ದಳು. ‘ಹಲ್ಲಿಗಲ್ಲ ಕಣ್ರೀ. ಶಿವಮೊಗ್ಗದ ಗೋಪಾಳದಲ್ಲಿ ಜ್ಞಾನೇಶ್ ಅಂತ ಒಬ್ರು ಕೌನ್ಸೆಲರ್ ಇದ್ದಾರಂತೆ. ಮನಸ್ಸಲ್ಲಿ ಇರೋದನ್ನೆಲ್ಲ ಅವರ ಹತ್ರ ಹೇಳ್ಕೋಬೇಕಂತೆ. ಡಾಕ್ಟ್ರೇ ಬರೆದುಕೊಟ್ರಂತೆ. ಉಜ್ಜನಣ್ಣನ ಹೆಂಡ್ತಿ ಹೇಳಿದ್ಲು.’

‘ನಿನಗೆ ಯಾವಾಗ ಗೊತ್ತಾಯ್ತು?’

‘ತಿಂಗಳಾಯ್ತು.’

‘ತಿಂಗಳು! ಲೇ, ಮನಸ್ಸಲ್ಲಿ ಇರೋದನ್ನ ಹೇಳ್ಕೊಳ್ಳೋಕೆ ನಾನಿಲ್ವಾ ಅವನಿಗೆ?’

‘ನೀವು ಕೇಳಿಸ್ಕೊಳ್ತೀರಾ?’

‘ನಾನಾ? ಅವನ ಉಸಿರು ಗೊತ್ತು ನನಗೆ!’

‘ಏನ್ರೀ ಇದು, ಮನೆಗೆ ಸವತಿ ಬಂದ ಹಾಗೆ ಆಡ್ತೀರಲ್ಲ!’ ಅಂತ ಅವಳು ನಕ್ಕಳು. ನಗುತ್ತಾ ಕಾಳು ಸಿಪ್ಪೆಯ ಬುಟ್ಟಿಗೆ ಹಾಕಿ, ಸಿಪ್ಪೆ ಪಾತ್ರೆಗೆ ಹಾಕಿದಳು.

ಹಾಲೇಶನಿಗೆ ನಗು ಬರಲಿಲ್ಲ. ಉಣ್ಣುವಾಗ, ಬೈಕು ತೊಳೆಯುವಾಗ, ಅಚ್ಚಿಗೆ ಮರಳು ಕುಟ್ಟುವಾಗ ಒಂದೇ ಯೋಚನೆ. ಯಾರಿವನು ಜ್ಞಾನೇಶ? ಎಷ್ಟು ವಯಸ್ಸು? ಉಜ್ಜನಪ್ಪ ಅವನ ಮುಂದೆ ಕೂತು ಏನೇನು ಹೇಳುತ್ತಾನೆ? ತನ್ನ ಬಗ್ಗೆ ಹೇಳುತ್ತಾನೋ? ಹೇಳಿದರೆ ಏನಂತ? ಹೇಳದಿದ್ದರೆ ಯಾಕಿಲ್ಲ? ಬೆನ್ನ ಹಿಂದೆ ಕೂತ ಉಜ್ಜನಪ್ಪ ಹಾಡು ಗುನುಗಿದರೂ ಹಾಲೇಶನ ಮೈ ಉರಿಯುತ್ತಿತ್ತು. ಈ ಹಾಡು ಅಲ್ಲಿಂದಲೇ ಬಂದಿರಬೇಕು ಅನ್ನಿಸುತ್ತಿತ್ತು.

ಕೊನೆಗೆ ಒಂದು ಉಪಾಯ ಹೊಳೆಯಿತು. ತಾನೂ ಒಮ್ಮೆ ಹೋಗಿ ಕೂತರೆ ಆ ಮನುಷ್ಯನ ಬಂಡವಾಳ ಏನೆಂದು ತಿಳಿಯುತ್ತದೆ. ಆದರೆ ಹೇಳಲಿಕ್ಕೆ ಒಂದು ಕಷ್ಟ ಬೇಕಲ್ಲ. ತನಗೇನು ಕಷ್ಟವಿದೆ? ಹುಡುಕಿದ, ಸಿಗಲಿಲ್ಲ. ಉಜ್ಜನಪ್ಪನದು ಇದೆಯಲ್ಲ, ಅದನ್ನೇ ಹೇಳಿದರಾಯಿತು! ಇದರಲ್ಲಿ ಇನ್ನೊಂದು ಲಾಭವೂ ಇತ್ತು. ಕೇಳುವಾಗ ಜ್ಞಾನೇಶನ ಮುಖದಲ್ಲಿ ಗುರುತು ಹಿಡಿದ ಲಕ್ಷಣ ಕಂಡರೆ ಉಜ್ಜನಪ್ಪ ಹೇಳಿದ್ದಾನೆ ಅಂತ; ಕಾಣದಿದ್ದರೆ ಹೇಳಿಲ್ಲ ಅಂತ. ಹೇಳದೇ ಇದ್ದರೆ ಹಾಲೇಶನೇ ಗೆದ್ದ ಹಾಗೆ.

ಅರ್ಧ ದಿನ ರಜೆ ಹಾಕಿ, ಮಾವನ ಹೆಸರಾದ ಹೊನ್ನಯ್ಯ ಅಂತ ಫೋನಿನಲ್ಲಿ ಬರೆಸಿ, ಒಂದು ಸೋಮವಾರ ಮಧ್ಯಾಹ್ನ ಗೋಪಾಳಕ್ಕೆ ಹೋದ. ಕೆಳಗೆ ಮೆಡಿಕಲ್ ಶಾಪು, ಮೇಲಿನ ಮಹಡಿಯಲ್ಲಿ ಒಂದು ಕಡೆ ಹಲ್ಲಿನ ಆಸ್ಪತ್ರೆ, ಇನ್ನೊಂದು ಕಡೆ ಇವನದು. ಹಲ್ಲಿನವರ ಬೋರ್ಡೇ ದೊಡ್ಡದು. ಕಳ್ಳ, ಮೆಟ್ಟಿಲ ತನಕ ಸುಳ್ಳು ಹೇಳಿಲ್ಲ ಅಂದುಕೊಂಡ ಹಾಲೇಶ.

ಜ್ಞಾನೇಶನಿಗೆ ಮೂವತ್ತೆರಡೋ ಮೂವತ್ತಮೂರೋ ಇರಬಹುದು. ಮೆತ್ತಗಿನ ಕೈ, ಇಸ್ತ್ರಿ ಮಾಡಿದ ಅಂಗಿ. ಈ ಕೈ ಲೇಡಲ್ಲು ಮುಟ್ಟಿದರೆ ಬೊಕ್ಕೆ ಬಂದೀತು ಅನ್ನಿಸಿ ಹಾಲೇಶನಿಗೆ ಸ್ವಲ್ಪ ಸಮಾಧಾನವಾಯಿತು. ಎರಡು ಬೆತ್ತದ ಕುರ್ಚಿ. ಒಂದರ ಕೈಹಿಡಿಯಲ್ಲಿ ಬೆತ್ತದ ಎಳೆ ಬಿಚ್ಚಿತ್ತು. ಮಾತಾಡುವಾಗ ಸಿಕ್ಕಿದ್ದನ್ನು ಕೆರೆಯುವುದು ಉಜ್ಜನಪ್ಪನ ಚಾಳಿ. ಇಲ್ಲೇ ಕೂರುತ್ತಾನೆ. ಹಾಲೇಶ ಹೋಗಿ ಆ ಕುರ್ಚಿಯಲ್ಲೇ ಕೂತ.

‘ಹೇಳಿ ಹೊನ್ನಯ್ಯನವರೇ.’

‘ನಾನು ಫೌಂಡ್ರೀಲಿ ಕೆಲ್ಸ ಮಾಡೋದು ಸಾರ್,’ ಅಂತ ಶುರು ಮಾಡಿದ. ನಾಮಕರಣದ ಮನೆ ಹೇಳಿದ. ಕೂಸನ್ನು ಕೈಗೆ ಕೊಟ್ಟಿದ್ದು ಹೇಳಿದ. ಕೈ ನಡುಗಿದ್ದು ಹೇಳಿದ. ಕಣ್ಣು ಮಾತ್ರ ಜ್ಞಾನೇಶನ ಮುಖದ ಮೇಲೇ ಇತ್ತು. ಆ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಬರೆಯುತ್ತಿದ್ದ ಪೆನ್ನನ್ನು ಮಾತ್ರ ಅವನು ಕೆಳಗಿಟ್ಟ.

‘ಇದಕ್ಕಿಂತ ಹಿಂದೆ ಏನಾದ್ರೂ ಆಗಿತ್ತಾ?’

‘ಆಗಿತ್ತು ಸಾರ್. ಹನ್ನೊಂದು ವರ್ಷ ಆಯ್ತು. ನನ್ನ ಮೊದಲನೇ ಮಗು. ಹೆಣ್ಣು. ಇಲ್ಲೇ ಶಿವಮೊಗ್ಗದ ಆಸ್ಪತ್ರೇಲಿ ಹುಟ್ಟಿತ್ತು. ನಾಲ್ಕು ದಿನ ಗಾಜಿನ ಪೆಟ್ಟಿಗೇಲಿತ್ತು, ಆಮೇಲೆ ಹೋಯ್ತು. ಹೆಂಡ್ತಿ ಇನ್ನೂ ಆಸ್ಪತ್ರೇಲೇ ಇದ್ಲು. ಮಣ್ಣು ಮಾಡೋಕೆ ಭದ್ರಾವತಿಗೆ ತಂದ್ವಿ.’

‘ಮಗೂನ ಯಾರು ಎತ್ಕೊಂಡು ಬಂದ್ರು?’

‘ನಾನೇ ಸಾರ್. ಬೈಕಲ್ಲಿ, ಹಿಂದೆ ಕೂತು. ಬಿಳೀ ಬಟ್ಟೇಲಿ ಸುತ್ತಿ ಕೊಟ್ಟಿದ್ರು. ತೊಡೆ ಮೇಲೆ ಇಟ್ಕೊಂಡಿದ್ದೆ.’

‘ಓಡಿಸ್ತಿದ್ದವರು?’

‘ಹಾಲೇಶ ಅಂತ ಸಾರ್, ನನ್ನ ಗೆಳೆಯ.’ ಇಲ್ಲಿ ಹಾಲೇಶ ಸ್ವಲ್ಪ ನೆಟ್ಟಗೆ ಕೂತ. ‘ಅಂಥ ಮನುಷ್ಯ ಇಡೀ ಭದ್ರಾವತೀಲಿ ಸಿಗಲ್ಲ. ಹೇಳಿಕಳಿಸಿದ ಅರ್ಧ ಗಂಟೆಗೆ ಬಂದಿದ್ದ.’

‘ಒಳ್ಳೇದಾಯ್ತು. ದಾರೀಲಿ ಏನು ಮಾತಾಡಿದ್ರಿ?’

‘ಅವನೇ ಮಾತಾಡ್ತಿದ್ದ. ಡ್ಯಾಮ್ ತುಂಬಿದೆಯಂತೆ, ನೋಡೋಕೆ ಹೋಗಬೇಕು ಅಂತ. ಆಮೇಲೆ ಸೂಪರ್‌ವೈಸರ್ ಪ್ಯಾಂಟು ಹರಿದದ್ದರ ಕಥೆ...’ ಹಾಲೇಶನ ದನಿ ಇಳಿಯಿತು. ಆ ದಿನ ಅದು ಗೆಳೆಯನಿಗೆ ಧೈರ್ಯ ತುಂಬುವ ಮಾತಾಗಿ ಕಂಡಿತ್ತು. ಈಗ ಹಿಂದಿನ ಸೀಟಿನಲ್ಲಿ ಕೂತು ಕೇಳಿದರೆ ಪ್ಯಾಂಟಿನ ಕಥೆ ಬೇರೆಯೇ ಕೇಳಿಸಿತು.

‘ನೀವೇನಂದ್ರಿ?’

‘ನಾನು ಏನೂ ಅನ್ಲಿಲ್ಲ.’

‘ಆಗ ನಿಮಗೆ ಏನಾದ್ರೂ ಬೇಕು ಅನ್ನಿಸಿತ್ತಾ?’

ಪಕ್ಕದ ಕೋಣೆಯಲ್ಲಿ ಹಲ್ಲು ಕೊರೆಯುವ ಮಿಷಿನ್ನು ಕಿರ್ರೆಂದಿತು, ನಿಂತಿತು. ಹಾಲೇಶ ಬೆತ್ತದ ಎಳೆಯನ್ನು ಉಗುರಿನಿಂದ ಎಬ್ಬಿಸುತ್ತಿದ್ದ.

‘ದಾರೀಲಿ ನಿದಿಗೆ ಊರು ದಾಟೋವಾಗ ಹೆಗಲು ತಟ್ಟಿದೆ ಸಾರ್. ನಿಲ್ಸು ಅಂತ. ಒಂದ್ಸಲ ಮುಖ ನೋಡಬೇಕಿತ್ತೇನೋ. ಹಾಲೇಶ ನಿಲ್ಸಲಿಲ್ಲ.’

‘ಅವರಿಗೆ ಗೊತ್ತಾಗಲಿಲ್ವೇನೋ.’

‘ಗೊತ್ತಾಯ್ತು.’

ಮಾತು ಬಾಯಿಂದ ಬಿದ್ದುಹೋಗಿತ್ತು.

‘ಚೆನ್ನಾಗಿ ಗೊತ್ತಾಯ್ತು ಸಾರ್. ಗೊತ್ತಾಗಿಯೇ ಗಾಡಿ ಜೋರು ಮಾಡಿದ್ದು. ನಿಲ್ಸಿದ್ರೆ ಅವನು ಬಟ್ಟೆ ಸರಿಸ್ತಾನೆ, ನಾನೂ ನೋಡಬೇಕಾಗ್ತದೆ. ಆಮೇಲೆ ಇಬ್ರೂ ರೋಡ್ ಮೇಲೆ ಅಳ್ತಾ ಕೂತ್ರೆ ಗಾಡಿ ಓಡಿಸೋರು ಯಾರು? ನನಗೆ ಹೆದರಿಕೆ ಆಯ್ತು.’

ಉಜ್ಜನಪ್ಪನಾಗಿ ಕೂತವನು ಯಾವಾಗ ಹಾಲೇಶನಾದನೋ ಅವನಿಗೇ ತಿಳಿಯಲಿಲ್ಲ. ಎದುರಿನವನು ಅದನ್ನು ಹಿಡಿದು ಕೇಳಲಿಲ್ಲ. ನೀರಿನ ಲೋಟ ಮುಂದೆ ಸರಿಸಿ, ‘ಆ ದಿನ ಬೈಕ್ ಮೇಲೆ ದೊಡ್ಡವರು ಇಬ್ರಿದ್ರಲ್ಲ. ಓಡಿಸ್ತಿದ್ದವರನ್ನ ಆಮೇಲೆ ಯಾರಾದ್ರೂ ಕೇಳಿದ್ರಾ, ನೀನು ಹೇಗಿದೀಯಪ್ಪ ಅಂತ?’ ಅಂದ.

ಹಾಲೇಶ ಎದ್ದು ನಿಂತ. ಕೈಯಲ್ಲಿ ಬೈಕಿನ ಕೀಲಿ ಹಿಡಿದುಕೊಂಡೇ ‘ಬಸ್ಸಿಗೆ ಹೊತ್ತಾಯ್ತು ಸಾರ್’ ಅಂದು ಮೆಟ್ಟಿಲಿಳಿದ.

ಮಾರನೆಯ ಬೆಳಿಗ್ಗೆ ಮಾಚೇನಹಳ್ಳಿ ತಿರುವಿನ ಟೀ ಅಂಗಡಿಯಲ್ಲಿ ಹಾಲೇಶ ಎಲ್ಲವನ್ನೂ ಹೇಳಿಬಿಟ್ಟ. ಹೇಳದೆ ಆ ದಿನ ಲೇಡಲ್ಲು ಹಿಡಿಯುವುದು ಅವನಿಂದ ಆಗುತ್ತಿರಲಿಲ್ಲ.

ಉಜ್ಜನಪ್ಪ ಮೊದಲು ನಂಬಲಿಲ್ಲ. ‘ನನ್ನ ಕಥೆ ತಗೊಂಡು ಹೋಗಿ ನೀನು ಹೇಳಿದ್ಯಾ? ನಿನ್ನದು ಅಂತ?’

‘ಹೂಂ.’

‘ನಿನ್ನ ತಲೆಗಿಷ್ಟು ಮರಳು ತುಂಬ! ಮಾವನ ಹೆಸರಲ್ಲಿ?’ ನಗು ಉಕ್ಕಿ ಟೀ ಅಂಗಿಯ ಮೇಲೆ ಚೆಲ್ಲಿತು. ಅದನ್ನು ಒರೆಸುತ್ತಲೇ ನಗು ಕಡಿಮೆಯಾಯಿತು. ‘ಎಷ್ಟು ಹೊತ್ತು ಕೂರಿಸ್ಕೊಂಡಿದ್ರು ನಿನ್ನ?’

‘ಮುಕ್ಕಾಲು ಗಂಟೆ.’

‘ಮೊದಲನೇ ದಿನಾನೇ? ನನ್ನ ಮೊದಲನೇ ದಿನ ಅರ್ಧ ಗಂಟೆಗೇ ಕಳಿಸಿದ್ರು.’ ಈಗ ಅವನ ಮುಖ ಸಣ್ಣಗಾಗಿತ್ತು. ಆ ಮುಖ ನೋಡಿ ಹಾಲೇಶನಿಗೆ ಒಳಗೊಳಗೇ ಒಂಚೂರು ಖುಷಿಯೂ ಆಯಿತು. ಅಷ್ಟಕ್ಕೇ ಬಿಟ್ಟಿದ್ದರೆ ಇಬ್ಬರೂ ನಗುತ್ತಾ ಫೌಂಡ್ರಿ ಸೇರುತ್ತಿದ್ದರು. ಹಾಲೇಶ ಬಿಡಲಿಲ್ಲ.

‘ಇನ್ನೊಂದಿದೆ ಮಾರಾಯ. ಅವತ್ತು ನಿದಿಗೆ ಹತ್ರ ನೀನು ತಟ್ಟಿದ್ದು ನನಗೆ ಗೊತ್ತಾಗಿತ್ತು.’

ಉಜ್ಜನಪ್ಪ ಲೋಟ ಕೆಳಗಿಟ್ಟ. ಲಾರಿಯೊಂದು ಕೆಸರು ಹಾರಿಸಿಕೊಂಡು ಹೋಯಿತು. ಅವನು ಮಿಸುಕಲಿಲ್ಲ.

‘ಗೊತ್ತಾಗಿತ್ತಾ?’

‘ಹೂಂ.’

‘ಹನ್ನೊಂದು ವರ್ಷ...’ ಅಂದವನು ತನ್ನ ಬಲಗೈಯ ಎರಡು ಬೆರಳನ್ನೇ ನೋಡಿದ. ‘ನಾನು ಮೆಲ್ಲಗೆ ತಟ್ಟಿದೆ ಅಂದ್ಕೊಂಡಿದ್ದೆ ಕಣೋ. ಗಾಳಿಗೆ ನಿನಗೆ ಗೊತ್ತಾಗಲಿಲ್ಲ ಅಂತ. ಇನ್ನೊಂದ್ಸಲ ತಟ್ಟಬಾರದಿತ್ತಾ ನನ್ನ ಕೈ ಅಂತ... ಈ ಕೈಗೆ ಏನು ರೋಗ ಬಂದಿತ್ತು ಅಂತ ಅಲ್ಲಿ ಕೂತು ಎಷ್ಟು ವಾರ ಅತ್ತಿದೀನಿ, ಗೊತ್ತಾ?’

ಅವನು ಎದ್ದು ನಡೆದೇ ಫೌಂಡ್ರಿಗೆ ಹೋದ. ಹಾಲೇಶ ಗಾಡಿ ತಳ್ಳಿಕೊಂಡು ಹಿಂದೆ ನಡೆದ. ಹತ್ತಿ ಓಡಿಸಲಿಕ್ಕೆ ಮನಸ್ಸು ಬರಲಿಲ್ಲ.

ಆ ದಿನ ಕುಲುಮೆ ಕಾಯ್ದು ಕಬ್ಬಿಣ ಇಳಿಯುವ ಹೊತ್ತಿಗೆ ಉಜ್ಜನಪ್ಪ ವಿಶ್ವಾರಾಧ್ಯರ ಮುಂದೆ ನಿಂತು, ‘ಸಾರ್, ನಾನು ಇವನ ಜೊತೆ ಎತ್ತಲ್ಲ’ ಅಂದ.

‘ಏನಯ್ಯಾ ಗಂಡ ಹೆಂಡ್ತಿ ಜಗಳ?’ ಅಂತ ಯಾರೋ ಕಿಸಕ್ಕೆಂದರು. ಉಜ್ಜನಪ್ಪನ ಮುಖ ಕಂಡ ವಿಶ್ವಾರಾಧ್ಯರು ನಗಲಿಲ್ಲ. ಮನಸ್ಸು ಕೆಟ್ಟ ಇಬ್ಬರ ನಡುವೆ ಕುದಿಯುವ ಕಬ್ಬಿಣ ಇಡುವಷ್ಟು ದಡ್ಡರಲ್ಲ ಅವರು. ಮುಂದಿನ ತುದಿಗೆ ಸಂಜಯ್ ಅನ್ನುವವನನ್ನು ಹಾಕಿ, ಹಾಲೇಶನನ್ನು ಮರಳಿನ ಕಡೆಗೆ ಕಳಿಸಿದರು.

ಆ ವಾರವೆಲ್ಲ ಹಾಲೇಶ ಅಚ್ಚು ಕುಟ್ಟಿದ. ಕಣ್ಣು ಮಾತ್ರ ಅತ್ತಲೇ. ಮೊದಲ ದಿನ ಸಂಜಯ್ ಹೆಜ್ಜೆ ತಪ್ಪಿಸಿದ. ‘ಎಡಗಾಲು ಕಣೋ, ಎಡಗಾಲು’ ಅಂತ ಉಜ್ಜನಪ್ಪ ಮೆಲ್ಲಗೆ ತಿದ್ದಿದ. ಮೆಲ್ಲಗೆ! ಹಾಲೇಶನನ್ನು ಅವನು ಎಂದೂ ಅಷ್ಟು ಮೆಲ್ಲಗೆ ತಿದ್ದಿದವನಲ್ಲ. ಮೂರನೇ ದಿನಕ್ಕೆ ಇಬ್ಬರ ಹೆಜ್ಜೆಯೂ ಒಂದಾಯಿತು. ಅದನ್ನು ನೋಡಿದ ಹಾಲೇಶ ಕುಟ್ಟುತ್ತಿದ್ದ ಅಚ್ಚಿನ ಅಂಚನ್ನೇ ಒಡೆದ. ಸಂಜೆ ಉಜ್ಜನಪ್ಪ ಬಸ್ಸು ಹತ್ತುತ್ತಿದ್ದ, ಹಾಲೇಶ ಬಸ್ಸಿನ ಹಿಂದೆಯೇ ಅದರ ಹೊಗೆ ಕುಡಿಯುತ್ತಾ ಜನ್ನಾಪುರದ ತನಕ ಬರುತ್ತಿದ್ದ. ಹಿಂದಿನ ಸೀಟು ಖಾಲಿಯಿದ್ದ ಗಾಡಿ ಹಗುರವಾಗಿ, ಹಳ್ಳದಿಣ್ಣೆಗೆಲ್ಲ ಎಗರುತ್ತಿತ್ತು.

‘ಹೋಗಿ ಕಾಲು ಹಿಡ್ಕೊಳ್ಳಿ’ ಅಂದಳು ಪ್ರಿಯದರ್ಶಿನಿ.

‘ಕಾಲು ಕೊಡಬೇಕಲ್ಲ ಮಾರಾಯ್ತಿ ಅವನು.’

ಆದರೂ ಹೋದ. ಉಜ್ಜನಪ್ಪನ ಮನೆ ಜಗಲಿಯಲ್ಲಿ ಎರಡು ಸಂಜೆ ಕೂತ. ಉಜ್ಜನಪ್ಪನ ಹೆಂಡತಿ ಕಾಫಿ ಕೊಟ್ಟಳು. ಉಜ್ಜನಪ್ಪ ಒಳಗಿನಿಂದ ಹೊರಗೆ ಬರಲಿಲ್ಲ. ಮೂರನೇ ಸಂಜೆ, ಮಂಗಳವಾರ, ಹೊರಗೆ ಬಂದ. ಜಗಲಿಯ ಕಂಬಕ್ಕೆ ಒರಗಿ ನಿಂತುಕೊಂಡೇ ಮಾತಾಡಿದ.

‘ನಿನ್ನ ಮುಖ ನೋಡಿದ್ರೆ ಹೊಡೆಯೋಣ ಅನ್ನಿಸ್ತದೆ.’

‘ಹೊಡಿ.’

‘ಹೊಡೆದ್ರೆ ನಿನಗೆ ಹಗುರಾಗ್ತದೆ. ಅದಕ್ಕೇ ಹೊಡೆಯಲ್ಲ.’ ಸ್ವಲ್ಪ ತಡೆದು ಅಂದ, ‘ಜ್ಞಾನೇಶ್ ಸಾರಿಗೆ ಫೋನ್ ಮಾಡಿದ್ದೆ. ನಾಳೆ ನೀನೂ ಬಾ. ಇಲ್ಲಿ ಮಾತಾಡಿದ್ರೆ ನೀನು ಜೋಕು ಹೇಳ್ತೀಯ, ನಾನು ನಕ್ಕುಬಿಡ್ತೀನಿ. ಅಲ್ಲಿ ಹಾಗಾಗಲ್ಲ. ಬರ್ತೀಯೋ?’

‘ಬರ್ತೀನಿ.’

‘ನಿನ್ನ ಹೆಸರಲ್ಲೇ ಬಾ.’

ಬುಧವಾರ ಬೈಕಿನಲ್ಲಿ ಹೋದರು. ದಾರಿಯುದ್ದಕ್ಕೂ ಹಾಲೇಶ ಬಾಯಿ ತೆರೆಯಲಿಲ್ಲ. ಎಡ ಹೆಗಲು ಮಾತ್ರ ಕಿವಿಯ ಹಾಗೆ ಎಚ್ಚರವಾಗಿತ್ತು. ನಿದಿಗೆ ಬಂತು, ಹೋಯಿತು. ಉಜ್ಜನಪ್ಪ ತಟ್ಟಲಿಲ್ಲ.

ಆ ಕೋಣೆಯಲ್ಲಿ ಉಜ್ಜನಪ್ಪ ಮನೆಯವನ ಹಾಗೆ ನಡೆದುಕೊಂಡ. ಫ್ಯಾನಿನ ಸ್ವಿಚ್ಚು ಬಾಗಿಲ ಹಿಂದಿರುವುದು ಅವನಿಗೆ ಗೊತ್ತು. ನೀರಿನ ಜಗ್ಗು ಎಲ್ಲಿದೆ, ಯಾವ ಕಿಟಕಿ ತೆಗೆದರೆ ರಸ್ತೆಯ ಸದ್ದು ಬರುತ್ತದೆ, ಎಲ್ಲವೂ ಗೊತ್ತು. ಹಾಲೇಶನಿಗೆಂದು ಒಳಗಿನಿಂದ ಒಂದು ಪ್ಲಾಸ್ಟಿಕ್ ಕುರ್ಚಿ ತಂದು ಹಾಕಿದರು. ನೆಂಟರ ಮನೆಗೆ ಕರೆಯದೆ ಬಂದವನ ಹಾಗೆ ಅವನು ಅದರ ತುದಿಯಲ್ಲಿ ಕೂತ.

ಜ್ಞಾನೇಶ, ‘ಬನ್ನಿ ಹಾಲೇಶ್ ಅವರೇ’ ಅಂದ. ಹೊನ್ನಯ್ಯನ ಸುದ್ದಿಯನ್ನೇ ಎತ್ತಲಿಲ್ಲ. ಅಲ್ಲಿಂದ ಮುಂದೆ ಅವನು ಹೆಚ್ಚು ಮಾತಾಡಲೂ ಇಲ್ಲ. ಹಾಲೇಶನ ನಾಲಿಗೆಯ ತುದಿಗೆ ನಾಲ್ಕು ಸಲ ಏನೇನೋ ಬಂತು: ಮಳೆಯ ಮಾತು, ಸಂಜಯ್‌ನ ಹೆಜ್ಜೆಯ ಮಾತು, ಪಕ್ಕದ ಹಲ್ಲಿನ ಮಿಷಿನ್ನಿನ ಮಾತು. ನಾಲ್ಕನ್ನೂ ನುಂಗಿದ.

‘ಇವನಿಗೆ ಹೆಸರು ಗೊತ್ತಿಲ್ಲ ಸಾರ್,’ ಅಂದ ಉಜ್ಜನಪ್ಪ. ಆಮೇಲೆ ಹಾಲೇಶನ ಕಡೆ ತಿರುಗಿ, ‘ಮಗೂಗೆ ಹೆಸರಿಟ್ಟಿದ್ದೆ ಕಣೋ. ಆಸ್ಪತ್ರೇಲಿ, ಎರಡನೇ ದಿನ. ಗೌರಿ ಹಬ್ಬದ ವಾರ ಅಲ್ವಾ, ಶ್ರೀಗೌರಿ ಅಂತ ಗಾಜಿನ ಹತ್ರ ಬಾಗಿ ಕರೆದಿದ್ದೆ. ಅವಳಮ್ಮನಿಗೂ ಹೇಳಿರಲಿಲ್ಲ.’

ಹಾಲೇಶ ಜ್ಞಾನೇಶನ ಮುಖ ನೋಡಿದ. ಅಲ್ಲಿ ಅಚ್ಚರಿಯಿರಲಿಲ್ಲ. ಅವನಿಗೆ ಮೊದಲೇ ಗೊತ್ತಿತ್ತು. ಮೂರು ತಿಂಗಳ ಹಿಂದೆ ಗುರುತೇ ಇಲ್ಲದಿದ್ದ ಈ ಮೆತ್ತಗಿನ ಕೈಯವನಿಗೆ ಗೊತ್ತಿತ್ತು. ಆ ಕೂಸನ್ನು ಬೆನ್ನ ಹಿಂದೆ ಇಟ್ಟುಕೊಂಡು ಗಾಡಿ ಓಡಿಸಿದವನಿಗೆ ಇಲ್ಲ. ಎದ್ದು ಹೋಗಿಬಿಡೋಣ ಅನ್ನಿಸಿತು, ಕೀಲಿಯೂ ಕೈಯಲ್ಲೇ ಇತ್ತು.

ಎದ್ದು ಹೋಗಲಿಲ್ಲ. ಕೀಲಿಯನ್ನು ಜೇಬಿಗೆ ಹಾಕಿ, ಪ್ಲಾಸ್ಟಿಕ್ ಕುರ್ಚಿಯನ್ನು ಉಜ್ಜನಪ್ಪನ ಕಡೆಗೆ ಎಳೆದುಕೊಂಡ.

‘ಯಾರನ್ನ ಹೋಲ್ತಿದ್ಲು ಮಾರಾಯ?’ ಅಂತ ಕೇಳಿದ. ‘ನಾನು ನೋಡ್ಲೇ ಇಲ್ಲ.’

ಉಜ್ಜನಪ್ಪ ಬೆತ್ತದ ಎಳೆ ಕೆರೆಯುವುದನ್ನು ನಿಲ್ಲಿಸಿದ. ‘ಮೂಗು ನಮ್ಮಮ್ಮಂದು,’ ಅಂದ. ‘ಕಿವಿ ಮಾತ್ರ ಯಾರದೋ ಏನೋ, ಇಷ್ಟಿಷ್ಟೇ ಇತ್ತು. ಆ ಕಿವಿ ಮೇಲೆ ಸಣ್ಣ ಕೂದಲು...’